ನೀಲಿ ಚೆಂಡಿನ ತುಂಬಿದ ತೂತುಗಳು

ಬೌಲಿಂಗ್ ಹಾಲ್‌ನಲ್ಲಿ ಆಟದ ಪಟ್ಟಿಗೆ ಹಾಕುವ ಎಣ್ಣೆಗೆ ವಾಸನೆಯೇ ಇಲ್ಲ ಎಂದು ನಮ್ಮ ಮನೆಯವರು ವಾದಿಸುತ್ತಾರೆ. ಇದೆ. ಹೊಲಿಗೆ ಯಂತ್ರದ ಮುಚ್ಚಳ ತೆರೆದಾಗ ಬರುವಂಥ ತಣ್ಣನೆಯ ವಾಸನೆ. ಕಳೆದ ಭಾನುವಾರ ಬಹಳ ದಿನಗಳ ಮೇಲೆ ಶಾಪಿಂಗ್ ಮಾಲ್‌ನ ಮೇಲಿನ ಮಹಡಿಗೆ ಹೋದಾಗ ಹಾಲ್‌ನವರು ಆಗಷ್ಟೇ ಎಣ್ಣೆ ಹಾಕಿ ಮುಗಿಸಿದ್ದರು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನಗೆ ಆ ಒಂದು ಮಳೆಗಾಲ ನೆನಪಾಯಿತು. ಮಳೆಗಾಲ ಅಂದರೆ ಬೇರೆಯವರಿಗೆ ಒದ್ದೆ ಮಣ್ಣಿನ ವಾಸನೆ ನೆನಪಾಗುತ್ತದೆ. ನನಗೆ ಎಣ್ಣೆ ನೆನಪಾಗುತ್ತದೆ, ಎಣ್ಣೆಯ ಹಿಂದೆಯೇ ಹೊಟ್ಟೆಕಿಚ್ಚು.

ಬೌಲಿಂಗ್ ಅಂದರೆ ಕ್ರಿಕೆಟ್ಟಿನದಲ್ಲ. ನಾನು ಕೆಲಸ ಮಾಡುವ ಕಾಲೇಜು ಲೈಬ್ರರಿಯಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿದೆ. ಉದ್ದನೆಯ, ನುಣ್ಣನೆಯ ಮರದ ಪಟ್ಟಿ. ಆ ತುದಿಗೆ ನಿಲ್ಲಿಸಿದ ಹತ್ತು ಪಿನ್ನು. ಈ ತುದಿಗೆ ಮೂರು ತೂತಿನ ಭಾರದ ಚೆಂಡು ಹಿಡಿದ ನೀವು. ಹೆಬ್ಬೆರಳು, ನಡುಬೆರಳು, ಉಂಗುರ ಬೆರಳನ್ನು ತೂತಿನಲ್ಲಿಟ್ಟು ಚೆಂಡನ್ನು ಉರುಳಿಸಿ ಪಿನ್ನು ಕೆಡವಬೇಕು. ಇಷ್ಟೇ ಆಟ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಶುರುವಾದಾಗ ಡಾಕ್ಟರು ಏನಾದರೂ ಒಂದು ಆಟ ಆಡಿ ಅಂದರು. ವಾಕಿಂಗ್ ಅಂದರೆ ಇವರಿಗೆ ಬೇಸರ. ಹಾಗಾಗಿ ಶನಿವಾರ ಸಂಜೆ ಬೆಳಗಾವಿಯ ಮಹಾಂತೇಶ ನಗರದ ಮನೆಯಿಂದ ಸ್ಕೂಟರಿನಲ್ಲಿ ಇಬ್ಬರೂ ಹೊರಡುವುದು ರೂಢಿಯಾಯಿತು. ವಾರವೆಲ್ಲ ಒಂದೇ ಮನೆಯಲ್ಲಿದ್ದೂ ನಾವು ಮನಬಿಚ್ಚಿ ಜಗಳಾಡುತ್ತಿದ್ದದ್ದು, ನಗುತ್ತಿದ್ದದ್ದು ಆ ಶನಿವಾರದ ಸಂಜೆಗಳಲ್ಲೇ. ಅದು ನಮ್ಮಿಬ್ಬರ ಸಂಜೆ ಎಂದು ನಾನು ತಿಳಿದಿದ್ದೆ.

ಇವರ ಹೆಸರು ಗುರುಪಾದ. ಉದ್ಯಮಬಾಗದಲ್ಲಿ ಸಣ್ಣದೊಂದು ಮಷಿನ್ ಶಾಪ್ ಇದೆ. ಫೌಂಡ್ರಿಗಳಿಂದ ಬರುವ ಪಂಪಿನ ಭಾಗಗಳನ್ನು ಕೊರೆದು ನಯ ಮಾಡಿ ಕೊಡುತ್ತಾರೆ. ಅಳತೆ ಇಲ್ಲದೆ ಏನನ್ನೂ ಮುಟ್ಟುವವರಲ್ಲ. ಕಿಟಕಿಗೆ ಪರದೆ ತರುವಾಗಲೂ ವರ್ನಿಯರ್ ಹಿಡಿದು ಸರಳಿನ ದಪ್ಪ ನೋಡಿದ ಮನುಷ್ಯ. ಇಂಥವರ ಕೈಗೆ ತೂತು ಕೊರೆಯಬೇಕಾದ ಚೆಂಡು ಸಿಕ್ಕರೆ ಕೇಳಬೇಕೆ? ಮೊದಲು ತಮ್ಮದನ್ನು ಕೊರೆದುಕೊಂಡರು, ಆಮೇಲೆ ಪಾಟೀಲರದನ್ನು. ಪಾಟೀಲರು ಬೌಲಿಂಗ್ ಹಾಲ್‌ಗೆ ದಿನವೂ ಬರುವ ನಿವೃತ್ತ ಅಧಿಕಾರಿ, ಬಾಯಿಗೆ ಬೀಗವಿಲ್ಲ. ಅವರ ಬಾಯಿಂದ ಸುದ್ದಿ ಹರಡಿ, ಸ್ವಂತ ಚೆಂಡು ಇದ್ದವರೆಲ್ಲ ಇವರ ಬಳಿಗೇ ಬರತೊಡಗಿದರು. ನಾನು ಮಾತ್ರ ಹಾಲ್‌ನ ಚೆಂಡಿನಲ್ಲೇ ಆಡುತ್ತಿದ್ದೆ. ಅದರ ತೂತು ಎಲ್ಲರ ಬೆರಳಿಗೂ ಆಗುತ್ತದೆ, ಯಾರ ಬೆರಳಿಗೂ ಸರಿಯಾಗಿ ಆಗುವುದಿಲ್ಲ. ನನಗೊಂದು ಮಾಡಿಕೊಡಿ ಎಂದು ನಾನು ಕೇಳಲಿಲ್ಲ. ಕೇಳಿ ಮಾಡಿಸಿಕೊಳ್ಳುವುದಾದರೆ ಗಂಡ ಯಾಕೆ, ಅಂಗಡಿಯವನು ಸಾಕಲ್ಲ.

ಜೂನಿನಲ್ಲಿ ಮಿರ್ಗದ ಮಳೆ ಹಿಡಿದ ವಾರ ವೈಶಾಲಿ ಬಂದಳು. ಖಾನಾಪುರದಲ್ಲಿ ಔಷಧಿ ಅಂಗಡಿ ಇಟ್ಟವಳು. ಗಂಡ ಸೈನ್ಯದಲ್ಲಿ, ಆ ವರ್ಷ ಎಲ್ಲೋ ದೂರದ ಗಡಿಯಲ್ಲಿದ್ದ. ರಜೆಗೆ ಬಂದಾಗ ಅವನೇ ಪುಣೆಯಿಂದ ಒಂದು ಹೊಸ ಕೆಂಪು ಚೆಂಡು ತಂದುಕೊಟ್ಟು ಹೋಗಿದ್ದನಂತೆ, ಇನ್ನೂ ತೂತು ಕೊರೆಯದ್ದು. ಒದ್ದೆ ಕೊಡೆಯನ್ನು ಬಾಗಿಲಲ್ಲಿ ಬಿಡಿಸಿಟ್ಟು ನೇರ ನಮ್ಮ ಕಡೆಗೇ ಬಂದಳು.

"ನಮಸ್ಕಾರ್ರಿ ವೈನಿ," ಅಂದಳು ನನಗೆ. ಇವರ ಕಡೆ ತಿರುಗಿ, "ಸರ್, ಪಾಟೀಲ ಕಾಕಾ ನಿಮ್ಮ ಹೆಸರ ಹೇಳಿದ್ರು. ನನ್ನ ಬಾಲ್‌ಗೆ ತೂತ ಹಾಕಿ ಕೊಡ್ತೀರೇನ್ರಿ?" ಅಂದಳು.

ವೈನಿ ಅಂದರೆ ಅಣ್ಣನ ಹೆಂಡತಿ. ನಾನು ವೈನಿಯಾದರೆ ಇವರು ದಾದಾ, ಅಂದರೆ ಅಣ್ಣ ಆಗಬೇಕಲ್ಲ! ಸರ್ ಹೇಗಾದರು? ಈ ಲೆಕ್ಕ ತಪ್ಪಿದ್ದು ನನಗೆ ಆ ಕ್ಷಣವೇ ಕಂಡಿತು. ಇವರಿಗೆ ಕಾಣಲಿಲ್ಲ, ಚೆಂಡು ನೋಡುತ್ತಿದ್ದರು.

ಅಳತೆ ಅಲ್ಲೇ ಶುರುವಾಯಿತು. ಇವರ ಜೇಬಿನಲ್ಲಿ ವರ್ನಿಯರ್ ಇದ್ದೇ ಇರುತ್ತದೆ. ಅವಳ ಕೈಯನ್ನು ಮೇಜಿನ ಮೇಲೆ ಅಂಗಾತ ಇಡಿಸಿ ಒಂದೊಂದೇ ಬೆರಳಿನ ದಪ್ಪ, ಗಿಣ್ಣಿನ ಅಗಲ, ಹೆಬ್ಬೆರಳಿನಿಂದ ನಡುಬೆರಳಿಗೆ ಇರುವ ಚಾಚು ಎಲ್ಲ ನೋಡಿದರು.

"ಕೈ ಸಡ್ಲ ಬಿಡ್ರಿ. ಬೆರಳ ಬಿಗಿ ಹಿಡೀಬ್ಯಾಡ್ರಿ. ಹಾಂ, ಹಂಗ."

ಕೂಡಿಸಿ ನೋಡಿದರು, ಬಿಡಿಸಿ ನೋಡಿದರು, ಮಳೆಗೆ ಬೆರಳು ತಣ್ಣಗಾಗಿ ಸಣ್ಣಗಾಗಿರಬಹುದು ಎಂದು ಚಹಾ ಕುಡಿಸಿ ಮತ್ತೆ ನೋಡಿದರು. ನನ್ನ ಕೈಯನ್ನು ಇವರು ಅಷ್ಟು ಹೊತ್ತು ಹಿಡಿದದ್ದು ಮದುವೆಯ ದಿನ ಒಮ್ಮೆ, ಅದೂ ಅಯ್ಯನವರು ಹಿಡಿ ಅಂದದ್ದಕ್ಕೆ. ಆಮೇಲೆ ಚನ್ನಮ್ಮ ಸರ್ಕಲ್ ದಾಟುವಾಗ ಹಿಡಿಯುತ್ತಾರೆ, ದಾಟಿದ ಕೂಡಲೇ ಬಿಡುತ್ತಾರೆ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಚಹಾ ಆರಿಸಿಕೊಂಡೆ.

ಅಳತೆಯಿಂದಲೇ ಮುಗಿಯುವುದಿಲ್ಲ. ಚೆಂಡಿನ ಹೊಟ್ಟೆಯೊಳಗೆ ಒಂದು ಭಾರದ ಗಟ್ಟಿ ಇರುತ್ತದೆ, ಅದರ ತಲೆ ಎಲ್ಲಿದೆ ಎಂದು ತೋರಿಸಲು ಹೊರಮೈ ಮೇಲೊಂದು ಬಣ್ಣದ ಚುಕ್ಕೆ. ಇನ್ನು, ಕೈಯಿಂದ ಬಿಟ್ಟ ಚೆಂಡು ತನ್ನದೇ ಒಂದು ಅಚ್ಚಿನ ಮೇಲೆ ತಿರುಗುತ್ತದೆ; ಒಬ್ಬೊಬ್ಬರ ಕೈಗೆ ಒಂದೊಂದು ಅಚ್ಚು. ಆ ಅಚ್ಚಿನ ತುದಿಗೂ ಆ ಚುಕ್ಕೆಗೂ ಎಷ್ಟು ಅಂತರ ಬರುವಂತೆ ಬೆರಳಿನ ತೂತು ಕೊರೆಯುತ್ತೇವೆ ಎಂಬುದರ ಮೇಲೆ ಚೆಂಡು ಬೇಗ ಹೊರಳುವುದೋ ತಡವಾಗಿ ಹೊರಳುವುದೋ ನಿಂತಿದೆ. ಇದಕ್ಕೆ ಲೇಔಟ್ ಅನ್ನುತ್ತಾರೆ. ಅಚ್ಚಿನ ತುದಿ ಹುಡುಕಲು ಮೊದಲು ಹಾಲ್‌ನ ಒಂದು ಚೆಂಡಿಗೆ ಏನಾದರೂ ಗುರುತು ಅಂಟಿಸಿ ಉರುಳಿಸಬೇಕು. ಗುರುತು ಗರಗರ ಸುತ್ತದೆ ಒಂದೇ ಕಡೆ ನಿಂತಂತೆ ಕಂಡರೆ ಅದೇ ತುದಿ. ಮುಂದಿನ ಶನಿವಾರ ಇವರು ಜೇಬಿನಿಂದ ಏನು ತೆಗೆದರು ಅಂತೀರಿ? ನಾನು ಹಣೆಗೆ ಅಂಟಿಸಿಕೊಳ್ಳುವ ಟಿಕಳಿಯ ಚೀಟಿ! ನಾನು ಬೆಳಿಗ್ಗೆಯಿಂದ ಕನ್ನಡಿಯ ಬಳಿ ಹುಡುಕಿ, ಕಡೆಗೆ ಬರೀ ಕುಂಕುಮ ಹಚ್ಚಿಕೊಂಡು ಬಂದಿದ್ದೆ. ನನ್ನ ಹಣೆಯ ಕೆಂಪು ಟಿಕಳಿ ಅವಳ ಕೈಯಿಂದ ಉರುಳಿ ಉರುಳಿ ಹೋಯಿತು. ಇವರು ಪಟ್ಟಿಯ ಪಕ್ಕದಲ್ಲಿ ಬಗ್ಗಿ ಕೂತು, "ನಿಂತಿತ್ರಿ! ಚುಕ್ಕಿ ನಿಂತಿತು!" ಎಂದು ಕೂಗಿದರು. ಮೈ ಉರಿದುಹೋಯಿತು.

ಆಷಾಢದಲ್ಲಿ ಬೆಳಗಾವಿಗೆ ಸೂರ್ಯ ಇರುವುದಿಲ್ಲ. ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಅದೇ. ಹಗ್ಗದ ಮೇಲಿನ ಬಟ್ಟೆ ಒಣಗದೆ ವಾಸನೆ ಹೊಡೆಯುತ್ತದೆ, ಉದ್ಯಮಬಾಗದಲ್ಲಿ ಸಂಜೆ ನಯ ಮಾಡಿಟ್ಟ ಕಬ್ಬಿಣಕ್ಕೆ ಬೆಳಿಗ್ಗೆ ಕೆಂಪು ತುಕ್ಕು. ಆ ಹೊತ್ತಿಗೇ ಹಾಲ್‌ನ ಮ್ಯಾನೇಜರ್ ಹೊಸ ಸುದ್ದಿ ಹೇಳಿದ. ದಸರೆಗೆ ಮುಂಚೆ ಜೋಡಿ ಪಂದ್ಯ. ಒಬ್ಬ ಗಂಡಸು, ಒಬ್ಬ ಹೆಂಗಸು. ಹುಬ್ಬಳ್ಳಿ, ಕೊಲ್ಹಾಪುರ, ಗೋವಾದವರೂ ಬರುತ್ತಾರೆ. ದೊಡ್ಡ ಊರಿನ ಪಂದ್ಯಗಳ ಹಾಗೆ ಪಟ್ಟಿಗಳಿಗೆ ದಂಡಿಯಾಗಿ ಎಣ್ಣೆ. ಎಣ್ಣೆ ಇರುವಷ್ಟು ದೂರ ಚೆಂಡು ಜಾರುತ್ತದೆ, ಒಣ ಜಾಗ ಸಿಕ್ಕ ಮೇಲೆ ಹೊರಳಿ ಪಿನ್ನುಗಳ ಪಕ್ಕೆಗೆ ನುಗ್ಗುತ್ತದೆ. ಆಗಲೇ ಹತ್ತೂ ಬೀಳುವುದು. ಎಣ್ಣೆ ಹೆಚ್ಚಾದ ಮೇಲೆ ಎಲ್ಲರ ಚೆಂಡೂ ಹೊರಳುವುದನ್ನೇ ಮರೆತು ಸುಮ್ಮನೆ ಸೀದಾ ಜಾರಿ ಹೋಗತೊಡಗಿದವು.

ಇದಕ್ಕೆ ಕಾರಣ ನಮ್ಮವರೇ. ಮಷಿನ್ ಶಾಪಿನವರಿಗೆ ನಯ ಅಂದರೆ ಮರ್ಯಾದೆ. ಕೊರೆದ ಚೆಂಡನ್ನೆಲ್ಲ ಬಫಿಂಗ್ ಚಕ್ರಕ್ಕೆ ಹಿಡಿದು ಮುಖ ಕಾಣುವ ಹಾಗೆ ಹೊಳಪು ಮಾಡಿಯೇ ಇವರು ಕೊಡುತ್ತಿದ್ದದ್ದು. ಎಣ್ಣೆಯ ಪಟ್ಟಿಗೆ ಮೈ ಒರಟಾಗಿರಬೇಕು ಎಂದು ಮೊಬೈಲಿನ ವಿಡಿಯೊಗಳಲ್ಲಿ ಯಾರು ಎಷ್ಟು ಹೇಳಿದರೂ ಇವರ ಕೈ ಒಪ್ಪಲಿಲ್ಲ. "ಚಲೋ ಫಿನಿಶ್ ಮಾಡಿದ ಮಾಲಿನ ಮ್ಯಾಲೆ ಗೆರಿ ಎಳೀಬೇಕಂತ! ಹುಚ್ಚ ಅದಾರ ಅವ್ರು," ಅನ್ನುತ್ತಿದ್ದರು.

ಹಾಗಿದ್ದೂ ವೈಶಾಲಿಯ ಆಟ ಉಳಿದವರಿಗಿಂತ ಮೇಲಿತ್ತು. ಕಾಲೇಜಿನಲ್ಲಿ ಹ್ಯಾಂಡ್‌ಬಾಲ್ ಆಡಿದ ಮಣಿಕಟ್ಟು ಅದು. ಒಂದು ಸಂಜೆ ಪಾಟೀಲರು ಎಲ್ಲರೆದುರು ಬಾಯಿ ಬಿಟ್ಟರು.

"ಗುರುಪಾದ, ಈ ಸಲ ನೀ ವೈಶಾಲಿ ಜೋಡಿ ಆಡಪಾ. ಕಪ್ ಊರಾಗ ಉಳೀತೈತಿ. ಸುವರ್ಣಾ ಬಾಯಿ ಏನ್ ಬ್ಯಾಸರ ಮಾಡ್ಕೊಳ್ಳೂದಿಲ್ಲ. ಹೌದಲ್ರೀ?"

"ನಂದೇನೈತ್ರಿ," ಅಂದೆ. ಹಾಗನ್ನುವಾಗ ಹಲ್ಲು ಕಚ್ಚಿದ್ದೆ. ವೈಶಾಲಿ, "ವೈನಿ ಹೂಂ ಅಂದ್ರ ನಾ ತಯಾರ ಅದೇನಿ," ಅಂದಳು. ಇವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಹೆಸರ ಬರಸಾಕ ಇನ್ನೂ ಟೈಮ್ ಐತಿ," ಅಂದರು. ಆ ಮಾತು ನನಗೆ ಇಡೀ ಶ್ರಾವಣ ನಿದ್ದೆಗೆಡಿಸಿತು. ಹೆಂಡತಿಯ ಹೆಸರು ಬರೆಸಲು ಟೈಮ್ ಯಾಕೆ ಬೇಕು?

ಒಂದು ಭಾನುವಾರ ಬೆಳಿಗ್ಗೆ ಖಾನಾಪುರದಿಂದ ಫೋನು ಬಂತು. ಬಸ್ ಸ್ಟ್ಯಾಂಡಿನಲ್ಲಿ ವೈಶಾಲಿಯ ಚೀಲದ ತಳ ಹರಿದು ಚೆಂಡು ಕೆಳಗೆ ಬಿದ್ದು, ಇಳಿಜಾರಿನ ಖಡಿ ಕಲ್ಲುಗಳ ಮೇಲೆ ಉರುಳಿ ಗಟಾರದವರೆಗೆ ಹೋಗಿತ್ತಂತೆ. ಫೋನಿನಲ್ಲೇ ಅತ್ತಳು. ಇವರು ಅರ್ಧ ತಿಂದ ರೊಟ್ಟಿ ಬಿಟ್ಟು ಎದ್ದರು. ನನ್ನ ತಮ್ಮನ ಮದುವೆಗೂ ಈ ಮನುಷ್ಯ ಮಳೆ ನಿಲ್ಲಲಿ ಎಂದು ಕಾದಿದ್ದರು!

"ನಾನೂ ಬರ್ತೇನಿ," ಅಂದೆ.

"ಮಳಿ ಐತಿ, ನೀ ಯಾಕ?"

"ಮಳಿ ನನಗಷ್ಟ ಐತೇನ್ರಿ?"

ಖಾನಾಪುರದ ಮಳೆಯೇ ಬೇರೆ. ಬೆಳಗಾವಿಯಲ್ಲಿ ಜಿಟಿಜಿಟಿ ಇದ್ದದ್ದು ಅಲ್ಲಿ ಹೊಯ್ಯುತ್ತಿತ್ತು. ರೇನ್‌ಕೋಟಿನೊಳಗೂ ನೆನೆದು ಅವಳ ಅಂಗಡಿ ಮುಟ್ಟಿದೆವು. ಒಳಗೆ ವೈಶಾಲಿ ಒಬ್ಬರಿಗೆ ಮರಾಠಿಯಲ್ಲಿ, ಒಬ್ಬರಿಗೆ ಕನ್ನಡದಲ್ಲಿ ಕೆಮ್ಮಿನ ಔಷಧಿ ಹೇಳಿ ಕಳಿಸಿ, "ಬರ್ರಿ ವೈನಿ, ಕುಂದರ್ರಿ, ಎಷ್ಟ ತೋಯ್ಸಿಕೊಂಡೀರಿ," ಎಂದು ಟವೆಲ್ ಕೊಟ್ಟಳು. ನನಗೇ ಮೊದಲು ಕೊಟ್ಟಳು ಎಂಬುದನ್ನು ಗಮನಿಸಿದೆ. ಇವರು ಟವೆಲ್ಲೂ ಮುಟ್ಟದೆ ಚೆಂಡನ್ನು ಬೆಳಕಿಗೆ ಹಿಡಿದರು. ಕನ್ನಡಿಯಂತಿದ್ದ ಕೆಂಪು ಚೆಂಡಿನ ಮೈ ತುಂಬ ಗೀರು. ಇವರ ಮುಖ ಯಾರೋ ತೀರಿಕೊಂಡವರ ಮನೆಯಲ್ಲಿ ಕೂತವರದಾಗಿತ್ತು.

ಚಹಾ ಬಂತು. ಕಪ್ ಹಿಡಿದ ನನ್ನ ಕೈ, ವೈಶಾಲಿಯ ಕೈ ಅಕ್ಕಪಕ್ಕ ಇದ್ದವು. ಇವರು ಚೆಂಡು ಬಿಟ್ಟು ಅವನ್ನೇ ನೋಡಿದರು.

"ಇಬ್ಬರ ಕೈಯೂ ಒಂದ ಸೈಜ್ ಅದಾವಲ್ಲ," ಅಂದರು.

"ಖರೇನ?" ವೈಶಾಲಿ ಕಪ್ ಇಟ್ಟು ನನ್ನ ಅಂಗೈಗೆ ತನ್ನ ಅಂಗೈ ಒತ್ತಿದಳು. "ನೋಡ್ರಿ ವೈನಿ, ಒಂದ ಸಮ!"

ಅವಳ ಅಂಗೈ ಬೆಚ್ಚಗಿತ್ತು. ಕೈ ಎಳೆದುಕೊಂಡು, "ಮಳಿ ಕಡಿಮಿ ಆಗೈತಿ, ಹೋಗೂಣು ನಡೀರಿ," ಅಂದೆ. ಮಳೆ ಹೊಯ್ಯುತ್ತಲೇ ಇತ್ತು.

ಮುಂದಿನ ಶನಿವಾರ ಅವಳು ಆ ಗೀರು ಬಿದ್ದ ಚೆಂಡನ್ನೇ ಬೇಜಾರಿನಿಂದ ಉರುಳಿಸಿದಳು. ಎಣ್ಣೆಯ ಮೇಲೆ ಜಾರುತ್ತ ಹೋದ ಚೆಂಡು ಕೊನೆಯಲ್ಲಿ ಯಾರೋ ಕರೆದಂತೆ ಎಡಕ್ಕೆ ಹೊರಳಿ ಪಿನ್ನುಗಳ ನಡುವೆ ನುಗ್ಗಿತು. ಹತ್ತಕ್ಕೆ ಹತ್ತು. ಇನ್ನೊಮ್ಮೆ, ಮತ್ತೆ ಹತ್ತು. ಇಡೀ ಹಾಲ್ ಎದ್ದು ನಿಂತಿತು. ಇವರಂತೂ ಹುಚ್ಚು ಹಿಡಿದವರಂತಾದರು. ಒರಟು ಮೈ ಎಣ್ಣೆಯಲ್ಲೂ ಮರವನ್ನು ಹಿಡಿಯುತ್ತದೆ ಎಂಬುದನ್ನು ಕಡೆಗೂ ಕಣ್ಣಾರೆ ಕಂಡಿದ್ದರು. ಮರುದಿನವೇ ಬಫಿಂಗ್ ಚಕ್ರ ಬಿಟ್ಟು ವಾಟರ್ ಪೇಪರ್ ಹಿಡಿದರು. ನೀರು ಹಾಕಿ, ಚೆಂಡನ್ನು ತಿರುಗಿಸಿ ತಿರುಗಿಸಿ, ಎಲ್ಲ ಕಡೆ ಒಂದೇ ಸಮ ಬರುವ ಹಾಗೆ ಉಜ್ಜುವುದು. ಒರಟು ಪೇಪರ್ ಯಾರಿಗೆ, ನಯದ್ದು ಯಾರಿಗೆ ಎಂಬುದೇ ಊಟದ ಹೊತ್ತಿನ ಮಾತಾಯಿತು. ನಾನು ಅಡುಗೆಮನೆಯಲ್ಲಿ ಪಾತ್ರೆ ಎತ್ತಿ ಹಾಕುತ್ತಿದ್ದೆ. ಬಿದ್ದರೂ ಅವಳಿಗೆ ಒಳ್ಳೆಯದೇ ಆಗಬೇಕೆ? ನನ್ನ ಕೈಯಿಂದ ಬಿದ್ದದ್ದೆಲ್ಲ ಒಡೆದೇ ಹೋಗುತ್ತದೆ.

ಗಣಪತಿ ಹಬ್ಬದ ಹಿಂದಿನ ದಿನ ಊಟದ ಡಬ್ಬಿ ಕೊಡಲು ಉದ್ಯಮಬಾಗಕ್ಕೆ ಹೋದೆ. ಇವರು ಹೊರಗೆಲ್ಲೋ ಹೋಗಿದ್ದರು. ಡ್ರಿಲ್ಲಿಂಗ್ ಮಷಿನ್ನಿನ ಬಾಜುವಿನ ಕಪಾಟಿನಲ್ಲಿ ಗೋಣಿತಟ್ಟು ಮುಚ್ಚಿದ ಉರುಟಾದ ಏನೋ ಕಂಡಿತು. ಎತ್ತಿ ನೋಡಿದೆ. ಆಳವಾದ ನೀಲಿಯ ಹೊಸ ಚೆಂಡು, ಮೂರು ತೂತು ಕೊರೆದದ್ದು, ಸಣ್ಣ ತೂತು, ಹೆಣ್ಣುಮಕ್ಕಳ ಬೆರಳಿನವು. ಪಂದ್ಯಕ್ಕೆ ಅವಳಿಗೆ ಎರಡನೆಯದು! ಗೋಣಿತಟ್ಟು ಮುಚ್ಚಿ, ಡಬ್ಬಿ ಇಟ್ಟು ಬಂದೆ. ಆ ಹಬ್ಬದಲ್ಲಿ ಮೋದಕ ಮಾಡಿದೆ, ಆರತಿ ಮಾಡಿದೆ, ಇವರೊಡನೆ ಮಾತು ಮಾಡಲಿಲ್ಲ. ಇವರಿಗೆ ಅದು ಗೊತ್ತಾಗಲು ಗಣಪತಿ ನೀರಿಗೆ ಹೋಗುವ ತನಕ ಬೇಕಾಯಿತು.

ಹೆಸರು ಬರೆಸುವ ಕೊನೆಯ ಶನಿವಾರ ಹಾಲ್‌ಗೆ ಹೋದೆವು. ಯಾಕೆ ಹೋದೆನೋ! ಅವರಿಬ್ಬರ ಹೆಸರು ಒಟ್ಟಿಗೆ ಬರೆಯುವುದನ್ನು ನನ್ನ ಕಣ್ಣಿನಿಂದಲೇ ನೋಡಬೇಕು ಎಂಬ ಹಟವಿತ್ತೇನೋ. ಪಾಟೀಲರಿದ್ದರು, ವೈಶಾಲಿ ಇದ್ದಳು. ಇವರು ಚೀಲದಿಂದ ಆ ನೀಲಿ ಚೆಂಡು ತೆಗೆದು, ಅವಳನ್ನು ದಾಟಿ, ನನ್ನ ಮುಂದೆ ಹಿಡಿದರು.

"ಇದು ನಿಂದು. ಹೆಸರ ಬರಸೇನಿ, ನಂದು ನಿಂದು. ಎಣ್ಣಿಗಂತನ ಉಜ್ಜೇನಿ. ಹಿಡದ ನೋಡು."

ಎಲ್ಲರೂ ಚಪ್ಪಾಳೆ ತಟ್ಟಿ ತಮ್ಮ ತಮ್ಮ ಪಟ್ಟಿಗೆ ಮರಳಿದರು. ನನಗೆ ಅಳು ಬಂದಂತಾಯಿತು. ಕಣ್ಣು ಮಂಜಾಗಿಯೇ ಬೆರಳು ಹಾಕಿದೆ. ನಡುಬೆರಳು ಸಲೀಸಾಗಿ ಇಳಿದು ಒಳಗೆ ಅಲ್ಲಾಡಿತು. ಉಂಗುರ ಬೆರಳು ಗಿಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಹೆಬ್ಬೆರಳು ಒಳಗೇ ಹೋಗಲಿಲ್ಲ. ಅಳು ಅಲ್ಲಿಯೇ ನಿಂತಿತು.

"ನನ್ನ ಕೈ ನೀವು ಯಾವಾಗ ಅಳದ್ರಿ?" ಎಂದು ಕೇಳಿದೆ.

"ಅಳದ್ರ ನಿನಗ ಗೊತ್ತಾಗತಿತ್ತಲ್ಲ. ಗೊತ್ತಾಗದಂಗ ಕೊಡೂಣು ಅಂತ..."

"ಮತ್ತ ಇದು ಯಾರ ಅಳತಿ?"

ಇವರು ಸುಳ್ಳು ಹೇಳುವವರಲ್ಲ, ಅದೇ ತೊಂದರೆ. "ಖಾನಾಪುರದಾಗ ನೋಡಿದ್ನೆಲ್ಲಾ, ಇಬ್ಬರದೂ ಒಂದ ಸೈಜ್. ಅಕೀ ಅಳತಿ ಹೆಂಗೂ ನನ್ನ ಕಡೆ ಇತ್ತು. ಸ್ಯಾಂಪಲ್ ಪೀಸ್ ಇದ್ದಂಗ..."

ಪರದೆಯ ಸರಳಿಗೆ ವರ್ನಿಯರ್ ಹಿಡಿದ ಮನುಷ್ಯ! ಯಾರದೋ ಪಂಪಿಗೆ ಕೂದಲೆಳೆಯಷ್ಟು ತಪ್ಪಿದರೂ ಮಾಲು ವಾಪಸು ತರಿಸುವ ಮನುಷ್ಯ, ಹೆಂಡತಿಯ ಕೈಗೆ ಮಾತ್ರ ಇನ್ನೊಬ್ಬಳ ಕೈಯನ್ನು ಸ್ಯಾಂಪಲ್ ಇಟ್ಟುಕೊಂಡಿದ್ದ. ನಾನು ಹಿಡಿದದ್ದು ನನ್ನ ಚೆಂಡಲ್ಲ, ಅವಳ ಕೈ. ಮೂರೂ ತೂತಿನಲ್ಲಿ ಅವಳೇ ಕೂತಿದ್ದಳು. ಚೆಂಡನ್ನು ಮೇಜಿನ ಮೇಲಿಟ್ಟು ಕೆಳಗಿಳಿದು, ಸಿಕ್ಕ ಸಿಟಿ ಬಸ್ಸು ಹತ್ತಿ ಮನೆಗೆ ಬಂದೆ. ಕಿಟಕಿಯಿಂದ ಮಳೆ ಒಳಗೆ ಬರುತ್ತಿತ್ತು, ನೆನೆಯುತ್ತಲೇ ಕೂತೆ.

ಮರುದಿನ ಬೆಳಿಗ್ಗೆ ಇವರು ಚಹಾದ ಲೋಟ ಹಿಡಿದು ಅಡುಗೆಮನೆಗೆ ಬಂದರು.

"ಶಾಪಿಗೆ ಬಾ," ಅಂದರು.

"ಯಾಕ?"

"ಅಳತಿ ಕೊಡಾಕ."

"ಸ್ಯಾಂಪಲ್ ಪೀಸ್ ಐತೆಲ್ಲಾ."

ಇವರು ತಲೆ ತಗ್ಗಿಸಿದರು. "ತಪ್ಪಾಗೇತಿ ಸುವರ್ಣಾ. ಬಾ."

ಭಾನುವಾರ, ಶಾಪಿನಲ್ಲಿ ಯಾರೂ ಇರಲಿಲ್ಲ. ನೀಲಿ ಚೆಂಡಿನ ಆ ಮೂರು ತೂತಿಗೂ ಹಿಂದಿನ ರಾತ್ರಿಯೇ ರೆಸಿನ್ ತುಂಬಿಟ್ಟಿದ್ದರು. ಅದು ಗಟ್ಟಿಯಾಗುವ ಘಾಟು ತಗಡಿನ ಸೂರಿನ ಕೆಳಗೆಲ್ಲ ಇತ್ತು. ನನ್ನ ಕೈ ಹಿಡಿದು ವರ್ನಿಯರ್ ಹಚ್ಚಿದರು. ನಾನು ಬೇಕಂತಲೇ ಬಿಗಿ ಹಿಡಿದೆ. ಸಡಿಲ ಬಿಡು ಎಂದು ಇವರು ಹೇಳಲಿಲ್ಲ, ಅದು ತಾನಾಗಿ ಸಡಿಲಾಗುವ ತನಕ ಕಾದರು. ಉಂಗುರ ಬೆರಳಿನ ಗಿಣ್ಣಿಗೆ ಬಂದು ನಿಂತರು.

"ಇದು ಹಿಂಗ್ಯಾಕ ಉಬ್ಬೇತಿ?"

"ಲೈಬ್ರರಿ ಕಪಾಟಿನ ಬಾಗಲಾ ಬಡದಿತ್ತು. ಉಂಗುರ ತಗದಿಟ್ಟು ಭಾಳ ದಿನಾ ಆತು. ಇವತ್ತ ನೋಡಿದ್ರೇನ್ರಿ?"

ಇವರು ಆ ಗಿಣ್ಣನ್ನು ಅಳೆದರು, ಮತ್ತೆ ಅಳೆದರು. ಆ ಸಂಜೆ ಹಾಲ್‌ನಲ್ಲಿ ನನ್ನ ಟಿಕಳಿಯನ್ನು ನನ್ನ ಕೈಯಿಂದಲೇ ಉರುಳಿಸಿ ನನ್ನ ಅಚ್ಚು ಹುಡುಕಿದರು. ಅದು ವೈಶಾಲಿಯದಕ್ಕಿಂತ ಎಷ್ಟೋ ಆಚೆಗಿತ್ತು. ಅವಳದು ಜೋರಿನ ಚೆಂಡು, ನನ್ನದು ನಿಧಾನದ್ದು. ನಿಧಾನದ ಚೆಂಡಿಗೆ ಅಷ್ಟು ಒರಟು ಮೈ ಕೊಟ್ಟರೆ ಅರ್ಧ ದಾರಿಯಲ್ಲೇ ಹೊರಳಿ ಸೋತುಬಿಡುತ್ತದಂತೆ. "ಅಕೀ ಲೇಔಟ್ ನಿನಗ ಹೊಂದೂದ ಇಲ್ಲ," ಅಂದರು. ಆ ಮಾತು ಕಿವಿಗೆ ಎಷ್ಟು ತಂಪಾಗಿತ್ತೆಂದರೆ ಇನ್ನೊಮ್ಮೆ ಹೇಳಿಸಿದೆ. ಹೊಸ ತೂತು ಬೇರೆ ಜಾಗದಲ್ಲಿ ಕೊರೆದು, ನಯವಾದ ಪೇಪರಿನಿಂದ ಮೈಯನ್ನು ಮತ್ತೆ ಉಜ್ಜಿದರು. ಹಳೆಯ ಮೂರು ತೂತುಗಳು ನೀಲಿ ಮೈ ಮೇಲೆ ಮೂರು ಕಪ್ಪು ಬಿಲ್ಲೆಗಳಾಗಿ ಉಳಿದವು.

ಪಂದ್ಯದಲ್ಲಿ ನಾವು ಮೊದಲ ಸುತ್ತಿಗೇ ಹೊರಬಿದ್ದೆವು. ನನ್ನ ಒಂದೇ ಒಂದು ಚೆಂಡು ಎಣ್ಣೆ ದಾಟಿ ಹೊರಳಿ ಹತ್ತೂ ಕೆಡವಿತು. ಪಾಟೀಲರ ಜೋಡಿಯಾಗಿ ಆಡಿದ ವೈಶಾಲಿ ಎರಡನೆಯ ಸ್ಥಾನದ ಕಪ್ ಗೆದ್ದಳು. ಚಪ್ಪಾಳೆ ತಟ್ಟಿದೆ. ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಎಲ್ಲಿ ಹೋಗುತ್ತದೆ? ಈಗಲೂ ಆ ಚೆಂಡು ಉರುಳಿಸುವಾಗ ನನ್ನ ತೂತುಗಳ ಜೊತೆಗೆ ಆ ಕಪ್ಪು ಬಿಲ್ಲೆಗಳೂ ತಿರುಗುವುದು ಕಾಣುತ್ತದೆ. ನೀಲಿ ಬಣ್ಣ ಬಳಿದು ಮುಚ್ಚಿಕೊಡುತ್ತೇನೆ ಎಂದು ಇವರು ಅಂದಿದ್ದರು. ಬೇಡ ಅಂದೆ. ಇವರ ಕಣ್ಣಿಗೂ ಬೀಳುತ್ತಿರಲಿ.

ಕಳೆದ ಭಾನುವಾರ ವೈಶಾಲಿಯೂ ಬಂದಿದ್ದಳು. "ವೈನಿ, ಸರ್ ಮಾಡಿದ್ದರಾಗ ನಿಮ್ಮ ಬಾಲ್‌ನ ಚಲೋ ಅಂತಾರ ಎಲ್ಲಾರೂ. ಒಮ್ಮಿ ಕೊಡ್ರಿ, ನೋಡ್ತೇನಿ," ಅಂದಳು. ಇಂದಿಗೂ ಇವರು ಸರ್ರೇ. ಕೊಟ್ಟೆ. ಅವಳು ಬೆರಳು ಹಾಕಿದಳು, ತಿರುವಿದಳು, ಮತ್ತೆ ಹಾಕಿದಳು. ಹೆಬ್ಬೆರಳು ತೂತಿನೊಳಗೆ ಲೊಡಲೊಡ ಅಂದಿತು, ನಡುಬೆರಳು ಬಾಯಲ್ಲೇ ನಿಂತಿತು. ಅವಳ ಬೆರಳ ಕೆಳಗೇ ಅವಳದೇ ಅಳತೆಯ ಮೂರು ತುಂಬಿದ ತೂತುಗಳಿದ್ದವು. ಅವಳಿಗೆ ಅದು ಗೊತ್ತಾಗಲಿಲ್ಲ.

"ಹಿಡಿಸವಲ್ದು ವೈನಿ. ಯಾರ ಕೈಗೆ ಮಾಡ್ಯಾರಿದನ್ನ?"

"ನನ್ನ ಕೈಗೆ," ಅಂದು ಇಸಿದುಕೊಂಡೆ.